ಅಪ್ಪನ ಬಂದೂಕು ನಿನ್ನ ಕೈಗೆ ಬರೂ ಮುಂದ

ತಮ್ಮಾ, ಅಪ್ಪನ ಹೆಸರಿಲೆ ಇದ್ದ ಬೆಳಿ ರಕ್ಷಣಾ ಬಂದೂಕು ನಿನ್ನ ಹೆಸರಿಗೆ ಮಾಡಿಸ್ಕೊಳ್ಳಾಕ ಧಾರವಾಡಕ್ಕ ಅಡ್ಡಾಡಾಕ ಹತ್ತೀದಿ ಅಂತ ಗೊತ್ತಾತು. ಡಿ.ಸಿ. ಆಫೀಸಿನ ಕಾಗದಾ ಕೈಗೆ ಬರೂತನಕ ಅದು ಪೊಲೀಸ್ ಸ್ಟೇಶನ್‌ದಾಗ ಜಮಾ ಇರ್ಲಿ. ಅಪ್ಪಂದ ಆದ್ರೂ ಲೈಸನ್ಸ್ ಇಲ್ಲದ ಮನ್ಯಾಗ ಇಟ್ಕೊಂಡ್ರ ಅಪರಾಧನ. ನಾ ನಿಮ್ಮಪ್ಪನ ಜೋಡಿ ಹೊಲಾ ಕಾದಾಂವ, ಅದಕ್ಕ ನಿನ್ನ ಕಿವ್ಯಾಗ ಒಂದೀಟು ಮಾತು ಹಾಕಬೇಕಾಗೇತಿ.

ಮದಲ ಬ್ಯಾಟಿ ವಿಚಾರ. ಬಂದೂಕು ಬಂದ ಮ್ಯಾಲ ಒಂದು ಚಿಗರಿ ಹೊಡಿಯೂಣು ಅಂತ ನಿನ್ನ ಗೆಳ್ಯಾರು ಮಾತಾಡ್ತಾರಂತ. ಆ ಮಾತು ಅಲ್ಲೇ ಮುರದು ಹಾಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆದಾಗ ಚಿಗರಿ, ನವಲು ಎರಡೂ ಮದಲನೇ ಪಟ್ಟಿದಾಗ ಅದಾವ. ಹೊಡದ್ರ ಕಡಿಮಿ ಅಂದ್ರೂ ಮೂರು ವರ್ಷ ಜೇಲು. ಉರುಲು ಹಾಕೂದು, ಹೊಡಿಯಾಕ ಹೋಗಿ ಗುರಿ ತಪ್ಪೂದು, ಇವೂ ಕಾಯ್ದೆದ ಲೆಕ್ಕದಾಗ ಬ್ಯಾಟಿನ. ಹುಬ್ಬಳ್ಳಿ-ಧಾರವಾಡ ನಡುವ ಓಡೂ ಬಸ್ಸಿಗೆ ಚಿಗರಿ ಅಂತ ಹೆಸರಿಟ್ಟಾರಂದ್ರ ಆ ಪ್ರಾಣಿ ಮ್ಯಾಲ ನಮ್ಮ ಮಂದಿಗೆ ಎಷ್ಟು ಅಕ್ಕರಿ ಐತಿ ನೋಡು. ಹಂದಿ ಗೋವಿನಜೋಳ, ಶೇಂಗಾ ಅಗದು ಹಾಳ ಮಾಡತೈತಿ, ಖರೆ. ಆದ್ರ 2022ರ ತಿದ್ದುಪಡಿ ಆದ ಮ್ಯಾಲ ಅದೂ ಎರಡನೇ ಪಟ್ಟಿದಾಗ ಐತಿ. ಅರಣ್ಯ ಇಲಾಖೆ ಬರದು ಕೊಟ್ಟ ಅಪ್ಪಣೆ ಇಲ್ಲದ ಕೈ ಹಚ್ಚಾಕ ಬರೂದಿಲ್ಲ. ಕೊಡಗಿನವ್ರಿಗೆ ಲೈಸನ್ಸ್ ಬ್ಯಾಡಲ್ಲ ಅಂತ ಯಾರರ ವಾದಾ ಮಾಡಿದ್ರ ಕೇಳಬ್ಯಾಡ. ಅವ್ರಿಗೆ ವಿನಾಯಿತಿ ಇರೂದು ಬಂದೂಕು ಇಟ್ಕೊಳ್ಳಾಕ, ಬ್ಯಾಟಿ ಆಡಾಕಲ್ಲ. ನಿನ್ನ ಬಂದೂಕು ಹೊಲಾ ಕಾಯಾಕ, ಸಪ್ಪಳಾ ಮಾಡಾಕ. ಬೆಳಿ ಹಾಳಾದ್ರ ಫೋಟೋ ತಗೊಂಡು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕು.

ಇನ್ನ ನನಗ ನಿದ್ದಿ ಕೆಡಸೂ ಮಾತು. ಮಲೆನಾಡಿನ್ಯಾಗ ತಪ್ಪಿದ ಗುಂಡು ಗುಡ್ಡಕ್ಕರ ಮರಕ್ಕರ ತಾಗಿ ನಿಲ್ಲತೈತಿ. ನಮ್ಮ ಕುಬಿಹಾಳದ ಎರಿ ಹೊಲಾ ಅಂಗೈಯಂಗ ಸಪಾಟ, ತಡಿಯೂದು ಏನೂ ಇಲ್ಲ. ಸಣ್ಣ ಚರೆನ ಇನ್ನೂರು ಮೀಟರ್ ದಾಟತಾವ, ದಪ್ಪ ಚರೆ ಅರ್ಧಾ ಕಿಲೋಮೀಟರಿಗೂ ಹೆಚ್ಚು ಹೋಗತಾವ. ಆ ಅಳತ್ಯಾಗ ಯಾರ್ಯಾರು ಇರತಾರ ಲೆಕ್ಕಾ ಹಾಕು. ನಸುಕಿನ್ಯಾಗ ಬಯಲಕಡಿಗೆ ಬಂದ ಹೆಣ್ಣಮಕ್ಕಳು. ಮೆಣಸಿನಕಾಯಿ ಬಿಡಸಾಕ ಬಂದ ಕೂಲಿ ಮಂದಿ. ಹೊಲದಾಗ ಕುರಿ ತರಬಿ ಕಂಬಳಿ ಹೊಚ್ಚಿ ಮಲಗಿದ ಕುರಿಗಾರ. ಆಳೆತ್ತರ ಜೋಳದಾಗ ನಿನ್ನಂಗನ ಕಾಯಾಕ ಬಂದ ಬಾಜೂ ಹೊಲದಾಂವ. ಅದಕ್ಕ ಬೆಳಿ ಅಳ್ಳಾಡಿತು ಅಂತ ಅದರೊಳಗ ಹೊಡಿಬ್ಯಾಡ, ಟಾರ್ಚಿಗೆ ಹೊಳದ ಕಣ್ಣಿಗೆ ಹೊಡಿಬ್ಯಾಡ. ಸಪ್ಪಳಕ್ಕ ಬರೇ ಮದ್ದು ಸಾಕು, ಚರೆ ಬ್ಯಾಡ. ಬರೇ ಮದ್ದಾದ್ರೂ ನಳಗಿ ಮುಂದ ಹತ್ರ ನಿಂತವ್ರ ಕಣ್ಣು ಹೋದಾವು.

ನಿಮ್ಮಪ್ಪಂದು ಬಾಯಿಂದ ಬಾರು ತುಂಬೂ ಕೇಪಿನ ಬಂದೂಕು. ತುಂಬೇತೋ ಇಲ್ಲೋ ಅಂತ ತೆರದು ನೋಡಾಕ ಬರೂದಿಲ್ಲ. ಖಾಲಿ ಇದ್ದಾಗ ಗಜಾ ತಳಾ ಮುಟ್ಟೂವಂಗ ಇಳಿಬಿಟ್ಟು, ನಳಗಿ ಬಾಯಿ ಮಟ್ಟಕ್ಕ ಗಜದ ಮ್ಯಾಲ ಒಂದು ಗೆರಿ ಹೊಡಕೋ. ಮುಂದ ಯಾವಾಗರ ಆ ಗೆರಿ ಬಾಯಿಗಿಂತ ಮ್ಯಾಲ ನಿಂತ್ರ ಒಳಗ ಏನೋ ಐತಿ ಅಂತ ತಿಳಿ. ಮದಲ ತುಂಬಿದ್ದು ಮರತು ಅದರ ಮ್ಯಾಲ ಮತ್ತ ತುಂಬಿದ್ರ ನಳಗಿ ಒಡದು ಮಾರಿಗೆ ಬರತೈತಿ. ಬಾಯಾಗ ಎರಿ ಮಣ್ಣು ಮೆತ್ತಿಕೊಂಡ್ರೂ ಹಂಗ ಆಕ್ಕೈತಿ. ಒಮ್ಮೆ ಹಾರಿಸಿದ ಕೂಡಲೆ ಮತ್ತ ಮದ್ದು ಹಾಕಬ್ಯಾಡ, ಒಳಗ ಕಿಡಿ ಉಳದಿರತಾವ. ಡಬ್ಬಿಂದ ನೇರ ಸುರವಬ್ಯಾಡ, ಬ್ಯಾರೆ ಅಳದು ಹಾಕು. ಕೇಪು ಸಿಡದೂ ಬಾರು ಹತ್ತಲಿಲ್ಲಂದ್ರ ಇಣಕಿ ನೋಡಬ್ಯಾಡ. ನಳಗಿ ಮಂದಿ ಇಲ್ಲದ ಕಡೆ ಹಿಡಕೊಂಡು ಒಂದು ನಿಮಿಷರ ತಡಿ. ತಡಾ ಮಾಡಿ ಹತ್ತೂದುಂಟು. ಕೇಪು ಹಾರಿಸೂ ಹೊತ್ತಿಗಷ್ಟ ಏರಸು. ಬದು ದಾಟೂ ಮುಂದ, ಟ್ರ್ಯಾಕ್ಟರ್ ಹತ್ತೂ ಮುಂದ ತಗದು ಡಬ್ಬ್ಯಾಗ ಹಾಕು. ಬಟ್ಟು ಟ್ರಿಗರ್ ಹೊರಗ ಇರ್ಲಿ. ಖಾಲಿ ಐತಿ ಅಂತ ಗೊತ್ತಿದ್ರೂ ಯಾರ ಕಡೇನೂ ತಿರುವಬ್ಯಾಡ, ಚ್ಯಾಷ್ಟಿಗೂ ಬ್ಯಾಡ.

ಮನ್ಯಾಗ ಬಂದೂಕು ಒಂದು ಕಡೆ, ಮದ್ದು-ಕೇಪು ಇನ್ನೊಂದು ಕಡೆ, ಎರಡಕ್ಕೂ ಕೀಲಿ. ಖಂಡೇನವಮಿ ಪೂಜಾಕ್ಕ ಇಡೂ ಮುಂದ ಗಜಾ ಇಳಿಬಿಟ್ಟು ನೋಡು, ಸುತ್ತ ಕೂಡೂದು ನಿನ್ನ ಮಕ್ಕಳ. ಮದವಿ ಮೆರವಣಿಗ್ಯಾಗ ಹಾರಿಸು ಅಂತ ಯಾರು ಕೈಕಾಲು ಹಿಡದ್ರೂ ಒಯ್ಯಬ್ಯಾಡ. ಶಸ್ತ್ರಾಸ್ತ್ರ ಕಾಯ್ದೆದ 2019ರ ತಿದ್ದುಪಡಿ ಪ್ರಕಾರ ಅದಕ್ಕ ಎರಡು ವರ್ಷದತನಕ ಜೇಲು, ಇಲ್ಲಾ ಒಂದು ಲಕ್ಷದತನಕ ದಂಡ, ಇಲ್ಲಾ ಎರಡೂ. ಕುಡದಾಗ ಮುಟ್ಟಬ್ಯಾಡ. ಮತ್ತ ಇದೊಂದು ಮಾತು ನಡಸಿಕೊಡು: ಮಳಿ ಕೈಕೊಟ್ಟು, ಸಾಲಾ ಬೆಳದು, ಮನಸ್ಸು ಕೆಟ್ಟ ದಿನಾ ಕೀಲಿ ತಂದು ನನ್ನ ಕೈಯಾಗ ಕೊಡು. ಯಾಕ ಅಂತ ನಾ ಕೇಳೂದಿಲ್ಲ.

ಜಿಲ್ಲಾ ಪೊಲೀಸರು ಆಗಾಗ ನಾಗರಿಕ ಬಂದೂಕು ತರಬೇತಿ ಶಿಬಿರ ಮಾಡತಾರ. ಕುಂದಗೋಳ ಸ್ಟೇಶನ್‌ದಾಗ ವಿಚಾರಿಸಿ ಹೆಸರು ಹಚ್ಚು. ಚುನಾವಣಿ ಬಂದು ಜಮಾ ಮಾಡು ಅಂದಾಗ ಖಾಲಿ ಮಾಡಿ ಒಯ್ದು ಕೊಟ್ಟು ರಸೀದಿ ತಗೋ. ಹೊಳ್ಳಿ ತಂದ ದಿನಾ ನಳಗ್ಯಾಗ ಗಜಾ ಆಡಿಸಿ ನೋಡು. ಎರಡು ಮೂರು ತಿಂಗಳು ಮೂಲ್ಯಾಗ ನಿಂತ ಬಂದೂಕಿನ್ಯಾಗ ಕಣಜ ಮಣ್ಣಿನ ಗೂಡು ಕಟ್ಟಿರತೈತಿ.