ಪಾಳಿ ಮುಗಿಸಿ ಬರುವಾಗ ಬಿದ್ದರೂ ಇಎಸ್‌ಐ ಉಂಟು

ಪ್ರಶ್ನೆ: ಪೀಣ್ಯದಲ್ಲಿ ಲೇತ್ ಆಪರೇಟರ್ ಆಗಿದ್ದ ಪತಿ ಏಳು ತಿಂಗಳ ಹಿಂದೆ ರಾತ್ರಿ ಪಾಳಿ ಮುಗಿಸಿ ಬರುವಾಗ ಬೈಕ್ ಜಾರಿ ಬಿದ್ದರು. ಬೆನ್ನುಹುರಿಗೆ ಪೆಟ್ಟಾಗಿ ನಡೆಯಲಾರರು. ಇಎಸ್‌ಐ, ಪಿಎಫ್ ಕಡಿತವಾಗುತ್ತಿತ್ತು. ಅಂಗವಿಕಲರ ಪಿಂಚಣಿಗೆ ಅರ್ಜಿ ಹಾಕಲೇ?

ಉತ್ತರ: ಹಾಕಿ, ಆದರೆ ಅದೊಂದನ್ನೇ ನೆಚ್ಚಬೇಡಿ. ಮೊದಲು ಇಎಸ್‌ಐ ಶಾಖಾ ಕಚೇರಿಗೆ ಹೋಗಿ. 2010ರಲ್ಲಿ ಇಎಸ್‌ಐ ಕಾಯ್ದೆಗಾದ ತಿದ್ದುಪಡಿಯಿಂದೀಚೆಗೆ, ಕೆಲಸದೊಂದಿಗೆ ನಂಟು ತೋರಿಸಿದರೆ ದಾರಿಯಲ್ಲಾದ ಅಪಘಾತವೂ ಉದ್ಯೋಗದ ಗಾಯವೇ. ಈ ನಂಟನ್ನು ತೋರಿಸುವುದರಲ್ಲೇ ಬಹಳ ಮಂದಿ ಸೋಲುತ್ತಾರೆ. ಆಸ್ಪತ್ರೆಯ ಚೀಟಿಯಲ್ಲಿ ‘ಬೈಕಿನಿಂದ ಬಿದ್ದು’ ಎಂದಷ್ಟೇ ಇರುತ್ತದೆ, ಡ್ಯೂಟಿಯ ಸುದ್ದಿಯೇ ಇರುವುದಿಲ್ಲ. ಹಾಗಾಗಿ ಅಂದಿನ ಹಾಜರಿಯ ನಕಲು ಪಡೆಯಿರಿ, ಜೊತೆಗಿದ್ದವರ ಹೇಳಿಕೆ ಬರೆಸಿಕೊಳ್ಳಿ. ಅಪಘಾತ ವರದಿ ಕಳಿಸುವಂತೆ ಕಂಪನಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಬರೆಯಿರಿ. ಒಪ್ಪಿಗೆಯಾದರೆ ತಾತ್ಕಾಲಿಕ ಅಶಕ್ತತೆಗೆ ಸಂಬಳದ ಸುಮಾರು 90% ಸಿಗುತ್ತದೆ. ಶಾಶ್ವತ ನಷ್ಟವನ್ನು ವೈದ್ಯಕೀಯ ಮಂಡಳಿ ಅಳೆಯುತ್ತದೆ.

ರಾಜೀನಾಮೆಗೆ ಸಹಿ ಹಾಕಬೇಡಿ; ‘ಸುಮ್ಮನೆ ಫಾರ್ಮಾಲಿಟಿ’ ಎಂದು ಕಂಪನಿ ಹೇಳಿದರೂ ಬೇಡ. ಪಿಎಫ್‌ನ ಪಿಂಚಣಿ ಭಾಗವನ್ನೂ (ಇಪಿಎಸ್) ಈಗಲೇ ಹಿಂಪಡೆಯಬೇಡಿ. ಸೇವೆಯಲ್ಲಿರುವಾಗ ಶಾಶ್ವತವಾಗಿ, ಸಂಪೂರ್ಣವಾಗಿ ಅಶಕ್ತರಾದವರಿಗೆ ಒಂದೇ ತಿಂಗಳ ವಂತಿಗೆಯಿದ್ದರೂ ಇಪಿಎಸ್ ಪಿಂಚಣಿ ಉಂಟು. ಅದಕ್ಕೆ ಫಾರ್ಮ್ 10ಡಿ.

ಜೊತೆಗೇ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ ಆನ್‌ಲೈನ್ ಅರ್ಜಿ ಹಾಕಿ. 40%ಕ್ಕೆ ಕಡಿಮೆಯಿಲ್ಲದ ವೈಕಲ್ಯದ ಪ್ರಮಾಣಪತ್ರ ಬಂದ ಮೇಲೆ ಆದಾಯ ಪ್ರಮಾಣಪತ್ರದೊಂದಿಗೆ ನಾಡಕಚೇರಿಯಲ್ಲಿ ಮಾಸಾಶನ ಕೇಳಿ. ಈ ಶೇಕಡಾವಾರಿಗೂ ಇಎಸ್‌ಐ ಮಂಡಳಿಯದಕ್ಕೂ ತಾಳೆಯಾಗದಿದ್ದರೆ ಗಾಬರಿ ಬೇಡ, ಅಳತೆಗೋಲೇ ಬೇರೆ.

ಇಎಸ್‌ಐ ತಿರಸ್ಕರಿಸಿದರೆ ಆದೇಶವನ್ನು ಲಿಖಿತವಾಗಿ ಪಡೆದು ತಡಮಾಡದೆ ವಕೀಲರನ್ನು ಕಾಣಿ. ಅಂಗವಿಕಲರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರ ನೆರವು ಉಚಿತ.