ಹಂಚಿನ ಮೇಲೆ ಚಿಕ್ಕ ದಶಮಿ



"ನಮ್ಮ ಹುಡುಗ ರೊಟ್ಟಿ ಮುಟ್ಟಲ್ಲ. ಅಂಗಡಿ ಪಾಕೀಟು ಕೊಟ್ರ ಮಾತ್ರ ಸುಮ್ಮನಾಗ್ತಾನ."

ಚಿಂತಾಕಿಯ ಓಣಿಗಳಲ್ಲಿ ನಾವು ಈ ಮಾತು ಕೇಳುತ್ತೇವೆ. ಮಗು ಹಟ ಮಾಡುತ್ತದೆ. ಅವ್ವನಿಗೆ ಹೊಲಕ್ಕೆ ಹೋಗಲು ಹೊತ್ತಾಗುತ್ತದೆ. ಕೈಯಲ್ಲಿ 5 ರೂಪಾಯಿ ಇಟ್ಟು ಹೋಗುತ್ತಾಳೆ.

ಇದರಿಂದ ಏನಾಗುತ್ತದೆ? ಮಗುವಿನ ಹೊಟ್ಟೆ ಸಣ್ಣದು. ಕುರುಕಲು ತಿಂದರೆ ತುಂಬಿಬಿಡುತ್ತದೆ. ಊಟದ ಹೊತ್ತಿಗೆ ಹಸಿವೆ ಇರುವುದಿಲ್ಲ. ಪಾಕೀಟಿನ ತಿಂಡಿಯಲ್ಲಿ ಉಪ್ಪು, ಎಣ್ಣೆ, ಸಕ್ಕರೆ ಹೆಚ್ಚು. ಮೈ ಬೆಳೆಯಲು ಬೇಕಾದದ್ದು ಕಡಿಮೆ. ದಿನವೂ ಹೀಗಾದರೆ ಹೊಟ್ಟೆ ತುಂಬಿದರೂ ಮೈ ಹಸಿದೇ ಇರುತ್ತದೆ. ಅಂಗನವಾಡಿಯಲ್ಲಿ ತೂಗಿದಾಗ ತೂಕ ಏರಿರುವುದಿಲ್ಲ.

ಹಾಗಾದರೆ ಏನು ಮಾಡೋಣ?

ಔರಾದ ತಾಲೂಕಿನ ಹೊಲಗಳಲ್ಲಿ ಜೋಳ, ತೊಗರಿ, ಹೆಸರು, ಉದ್ದು, ಕಡಲೆ ಬೆಳೆಯುತ್ತೇವೆ. ಶೇಂಗಾ, ಎಳ್ಳು, ಬೆಲ್ಲ ಸಂತೆಯಲ್ಲಿ ಸಿಗುತ್ತವೆ. ಬೇಕರಿಯ ಬಟ್ಟಿ ಬೇಡ. ರೊಟ್ಟಿ ಸುಡುವ ಹಂಚೇ ಸಾಕು. ಹಿರಿಯರು ಪ್ರಯಾಣಕ್ಕೆ ಬುತ್ತಿ ಕಟ್ಟುತ್ತಿದ್ದ ದಶಮಿಯನ್ನೇ ಚಿಕ್ಕದಾಗಿ ಮಾಡೋಣ.

ಬೇಕಾಗುವ ಸಾಮಾನು

ಜೋಳದ ಹಿಟ್ಟು – 2 ಬಟ್ಟಲು
ಗೋಧಿ ಹಿಟ್ಟು – ಅರ್ಧ ಬಟ್ಟಲು
ಹುರಿದ ಶೇಂಗಾ ಪುಡಿ – ಅರ್ಧ ಬಟ್ಟಲು
ಬೆಲ್ಲ – ಅರ್ಧ ಬಟ್ಟಲು
ಎಳ್ಳು – 2 ಚಮಚ
ಉಪ್ಪು – ಒಂದು ಚಿಟಿಕೆ

ಮಾಡುವ ರೀತಿ

1. ಒಂದು ಬಟ್ಟಲು ನೀರಿನಲ್ಲಿ ಬೆಲ್ಲ ಕರಗಿಸಿ, ಸೋಸಿ, ಕಾಯಿಸಿ.
2. ಹಿಟ್ಟು, ಶೇಂಗಾ ಪುಡಿ, ಎಳ್ಳು, ಉಪ್ಪು ಕೂಡಿಸಿ.
3. ಬಿಸಿ ಬೆಲ್ಲದ ನೀರನ್ನು ಸ್ವಲ್ಪ ಸ್ವಲ್ಪ ಹಾಕುತ್ತಾ ಗಟ್ಟಿಯಾಗಿ ನಾದಿ.
4. ಅಂಗೈಗಿಂತ ಚಿಕ್ಕದಾಗಿ ತಟ್ಟಿ. ವಾಟಗದ ಅಂಚಿನಿಂದ ಒತ್ತಿದರೆ ಚಂದ್ರನ ಹಾಗೆ ಆಗುತ್ತದೆ.
5. ಸಣ್ಣ ಉರಿಯಲ್ಲಿ ಎರಡೂ ಕಡೆ ಸುಡಿ. ಉರಿ ಜಾಸ್ತಿಯಾದರೆ ಬೆಲ್ಲ ಹತ್ತುತ್ತದೆ.

ಜೋಳ ಶಕ್ತಿ ಕೊಡುತ್ತದೆ. ಶೇಂಗಾ ಮೈ ಬೆಳೆಸುತ್ತದೆ. ಎಳ್ಳು ಎಲುಬಿಗೆ ಒಳ್ಳೆಯದು. ಬೆಲ್ಲವೂ ಸಿಹಿಯೇ, ಹೆಚ್ಚು ಹಾಕಬೇಡಿ. ಹಲ್ಲು ಹುಳುಕಾಗುತ್ತವೆ. ಸಿಹಿ ಒಲ್ಲದ ಮಗುವಿಗೆ ಬೆಲ್ಲ ಬಿಟ್ಟು ಕಡಲೆ ಹಿಟ್ಟು, ಮೆಂತ್ಯ ಸೊಪ್ಪು, ಜೀರಿಗೆ ಹಾಕಿ. ಜೊತೆಗೆ ಪೇರಲ ಹಣ್ಣಿನ ಹೋಳು ಕೊಡಿ. ಸೊಪ್ಪು, ಕಾಳಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹಿಡಿಯಲು ಪೇರಲ ಸಹಾಯ ಮಾಡುತ್ತದೆ. ಊಟ, ತಿಂಡಿಯ ಜೊತೆ ಚಹಾ ಕೊಟ್ಟರೆ ಅದು ಸರಿಯಾಗಿ ಹಿಡಿಯುವುದಿಲ್ಲ.

ಎಚ್ಚರ! ಸಣ್ಣ ಮಕ್ಕಳಿಗೆ ಇಡೀ ಶೇಂಗಾ ಕೊಡಬೇಡಿ. ಗಂಟಲಲ್ಲಿ ಸಿಕ್ಕಿ ಉಸಿರು ಕಟ್ಟಬಹುದು. ಪುಡಿ ಮಾಡಿಯೇ ಹಾಕಿ. ಬೂಷ್ಟು ಹಿಡಿದ ಶೇಂಗಾ ವಿಷ. ಹುರಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ. ಎಸೆದುಬಿಡಿ.

ಮಗು ತಿನ್ನದಿದ್ದರೆ?

ಹೊಡೆಯಬೇಡಿ, ತುರುಕಬೇಡಿ. "ಇದು ತಿಂದ್ರ ಪಾಕೀಟು ಕೊಡಿಸ್ತೀನಿ" ಅನ್ನಬೇಡಿ. ಹಾಗೆಂದರೆ ಪಾಕೀಟೇ ದೊಡ್ಡದು ಎಂದು ಮಗು ತಿಳಿಯುತ್ತದೆ. ಒಂದೇ ತುಣುಕು ಇಡಿ. ಬೇಡವೆಂದರೆ ಸುಮ್ಮನೆ ತೆಗೆದಿಡಿ. ಎರಡು ದಿನ ಬಿಟ್ಟು ಮತ್ತೆ ಇಡಿ. ಕೆಲವು ಮಕ್ಕಳಿಗೆ ಹೊಸ ರುಚಿ ಒಗ್ಗಲು ಹತ್ತು ಸಲ ಬೇಕಾಗುತ್ತದೆ. ತಟ್ಟುವಾಗ ಮಗುವಿನ ಕೈಗೂ ಒಂದು ಉಂಡೆ ಹಿಟ್ಟು ಕೊಡಿ. ತಾನೇ ತಟ್ಟಿದ್ದನ್ನು ಮಗು ಆಸೆಯಿಂದ ತಿನ್ನುತ್ತದೆ. ಅಪ್ಪ, ಅಜ್ಜಿ ಎಲ್ಲರೂ ಕೂಡಿ ಅದನ್ನೇ ತಿನ್ನಿ. ಊಟಕ್ಕೆ ಎರಡು ತಾಸು ಮೊದಲೇ ತಿಂಡಿ ಮುಗಿಯಲಿ.

ಲೆಕ್ಕ ಮಾಡೋಣ

ಒಂದು ಪಾಕೀಟಿಗೆ 5 ರೂಪಾಯಿ. ದಿನಕ್ಕೆ 2 ಪಾಕೀಟು. 30 ದಿನಕ್ಕೆ ಎಷ್ಟು? 300 ರೂಪಾಯಿ! ಅಷ್ಟು ಹಣಕ್ಕೆ ಸಂತೆಯಲ್ಲಿ ಎಷ್ಟು ಶೇಂಗಾ, ಎಷ್ಟು ಬೆಲ್ಲ ಬರುತ್ತದೆ? ಕೇಳಿ ಬರೆಯಿರಿ.

ಓದಿ ಉತ್ತರಿಸಿ

1. ಶೇಂಗಾವನ್ನು ಪುಡಿ ಮಾಡಿ ಏಕೆ ಹಾಕಬೇಕು?
2. ಪಾಕೀಟಿನ ಮೇಲೆ ತಯಾರಾದ ದಿನ, ತೂಕ ಹುಡುಕಿ ಓದಿ.
3. ನಿಮ್ಮ ಅವ್ವ ಮಾಡುತ್ತಿದ್ದ ಒಂದು ತಿಂಡಿಯ ಹೆಸರು ಬರೆಯಿರಿ. ಮಾಡುವ ರೀತಿಯನ್ನು ಗುಂಪಿನಲ್ಲಿ ಹೇಳಿ.