ಮೂರು ವರ್ಷದ ಮಗುವಿಗೆ ಬಿಪಿ ಮಾತ್ರೆ ಏಕೆ?

ಪ್ರಶ್ನೆ: ಸ್ನಾನ ಮಾಡಿಸುವಾಗ ಮಗನ ಹೊಟ್ಟೆಯ ಎಡಗಡೆ ಗಟ್ಟಿಯಾದದ್ದೇನೋ ಕೈಗೆ ಸಿಕ್ಕಿತು. ಸ್ಕ್ಯಾನ್ ಮಾಡಿ, ಕಿಡ್ನಿಯಲ್ಲಿ ವಿಲ್ಮ್ಸ್ ಗಡ್ಡೆ ಎಂದರು. ಬಿಪಿ 140 ಇದೆಯೆಂದು ಮಾತ್ರೆಯನ್ನೂ ಶುರು ಮಾಡಿದ್ದಾರೆ. ಅತ್ತೆ ದಿನಾ ಉಪ್ಪಿನಕಾಯಿ ನೆಕ್ಕಿಸುತ್ತಿದ್ದರು. ಅದರಿಂದ ಹೀಗಾಯಿತೇ?
– ಒಬ್ಬ ತಾಯಿ, ಹಾಸನ

ಉತ್ತರ: ಖಂಡಿತ ಅಲ್ಲ. ಅತ್ತೆಯವರಿಗೂ ಇದನ್ನು ಇವತ್ತೇ ಹೇಳಿಬಿಡಿ. ಆ ಹಿರಿಯ ಜೀವ ಒಳಗೊಳಗೇ ಕೊರಗುತ್ತಿರಬಹುದು.

ರಕ್ತದೊತ್ತಡ ಏರಿಸುವ ರೆನಿನ್ ತಯಾರಾಗುವುದು ಕಿಡ್ನಿಯಲ್ಲೇ. ಕೆಲವು ಮಕ್ಕಳಲ್ಲಿ ಗಡ್ಡೆಯೇ ರೆನಿನ್ ಸುರಿಸುತ್ತದೆ. ಇನ್ನು ಕೆಲವರಲ್ಲಿ ಗಡ್ಡೆ ರಕ್ತನಾಳವನ್ನು ಒತ್ತುವುದರಿಂದ ರಕ್ತ ಸಾಲದ ಕಿಡ್ನಿ ರೆನಿನ್ ಹೆಚ್ಚಿಸಿಕೊಳ್ಳುತ್ತದೆ. ಆಗ ಮೈಯ ರಕ್ತನಾಳಗಳು ಬಿಗಿಯುತ್ತವೆ. ಜತೆಗೆ ಆಲ್ಡೋಸ್ಟೆರಾನ್ ಹಾರ್ಮೋನು ಏರಿ ಸೋಡಿಯಂ ಮೈಯಲ್ಲೇ ಉಳಿದು, ಪೊಟ್ಯಾಸಿಯಂ ಮೂತ್ರದಲ್ಲಿ ಹರಿದುಹೋಗುತ್ತದೆ. ಮಗ ಮಂಕಾಗಿ, ಮತ್ತೆ ಮತ್ತೆ ನೀರು ಕೇಳುತ್ತಿದ್ದರೆ, ಪದೇ ಪದೇ ಮೂತ್ರ ಮಾಡುತ್ತಿದ್ದರೆ ಡಾಕ್ಟರಿಗೆ ತಪ್ಪದೆ ತಿಳಿಸಿ. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ನೋಡುವುದು ಇದಕ್ಕಾಗಿಯೇ.

ಗಡ್ಡೆ ತೆಗೆದ ಮೇಲೆ ಸಾಮಾನ್ಯವಾಗಿ ಬಿಪಿ ಇಳಿಯುತ್ತದೆ. ಆದರೂ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಬಿಪಿ ನೋಡುವಾಗ ತೋಳಿಗೆ ಸುತ್ತುವ ಪಟ್ಟಿ ಮಗುವಿನ ಅಳತೆಯದೇ ಇರಲಿ. ದೊಡ್ಡವರ ಪಟ್ಟಿ ಸುತ್ತಿದರೆ ಬಿಪಿ ನಿಜಕ್ಕಿಂತ ಕಡಿಮೆ ತೋರಿಸಬಹುದು. ತೀವ್ರ ತಲೆನೋವು, ವಾಂತಿ, ಫಿಟ್ಸ್ ಕಂಡರೆ ತಡಮಾಡದೆ ಆಸ್ಪತ್ರೆಗೆ ಓಡಿ. ಇನ್ನೊಂದು ಮಾತು: ನೋಡಲು ಬಂದ ನೆಂಟರಿಷ್ಟರು ಯಾರೂ ಹೊಟ್ಟೆ ಒತ್ತಿ ನೋಡಬಾರದು. ಗಡ್ಡೆ ಒಡೆದರೆ ಕ್ಯಾನ್ಸರ್ ಕಣಗಳು ಹೊಟ್ಟೆಯೊಳಗೆ ಹರಡಿ ಚಿಕಿತ್ಸೆ ಕಠಿಣವಾಗುತ್ತದೆ. ಧೈರ್ಯ ತಂದುಕೊಳ್ಳಿ, ಸರಿಯಾದ ಚಿಕಿತ್ಸೆ ಸಿಕ್ಕರೆ ಬಹುಪಾಲು ಮಕ್ಕಳು ಗುಣವಾಗುವ ಕ್ಯಾನ್ಸರ್ ಇದು.

ಪ್ರಶ್ನೆ: ಎರಡು ತಿಂಗಳ ಮಗಳಿಗೆ ಕಿಡ್ನಿಯಲ್ಲಿ ಗಡ್ಡೆ ಇದೆ. ರಕ್ತದಲ್ಲಿ ಕ್ಯಾಲ್ಸಿಯಂ ತುಂಬಾ ಜಾಸ್ತಿಯಂತೆ. ತಾಯಿಹಾಲು ನಿಲ್ಲಿಸಬೇಕೇ?
– ಒಬ್ಬ ತಂದೆ, ಶಿರಸಿ

ಉತ್ತರ: ಹಾಲು ಇದಕ್ಕೆ ಕಾರಣವಲ್ಲ. ಎಳೆಕೂಸುಗಳ ಕೆಲವು ಕಿಡ್ನಿ ಗಡ್ಡೆಗಳು ಪ್ಯಾರಾಥೈರಾಯ್ಡ್ ಹಾರ್ಮೋನಿನಂತೆ ಕೆಲಸ ಮಾಡುವ ವಸ್ತುವನ್ನು ಸ್ರವಿಸುತ್ತವೆ. ಅದು ಮೂಳೆಯಿಂದ ಕ್ಯಾಲ್ಸಿಯಂ ಸೆಳೆದು ರಕ್ತಕ್ಕೆ ಬಿಡುತ್ತದೆ. ಡ್ರಿಪ್ ಹಾಕುವುದು ತಾತ್ಕಾಲಿಕ ಪರಿಹಾರ. ನಿಜವಾದ ಪರಿಹಾರ ಗಡ್ಡೆಯನ್ನು ತೆಗೆಯುವುದೇ. ಡಾಕ್ಟರು ಬೇಡವೆನ್ನದಿದ್ದರೆ ಎದೆಹಾಲು ಮುಂದುವರಿಯಲಿ. ಮನೆಯಲ್ಲಿ ವಿಟಮಿನ್ ಡಿ ಹನಿ ಹಾಕುತ್ತಿದ್ದರೆ ಮಾತ್ರ, ಸೀಸೆಯನ್ನು ಒಯ್ದು ಅವರಿಗೆ ತೋರಿಸಿ.